ಮಧ್ಯದ ನೂರು ವರ್ಷ

ನ್ಯೂಜೆರ್ಸಿಯಲ್ಲಿರುವ ನಮ್ಮ ಕನ್ನಡದವರಿಗೆ ಸಮುದ್ರ ಎಂದರೆ ಸಾಮಾನ್ಯವಾಗಿ ಅಟ್ಲಾಂಟಿಕ್ ಸಿಟಿ. ಊರಿಂದ ಅಪ್ಪ ಅಮ್ಮ ಬಂದರೆ ನಯಾಗರ, ಲಿಬರ್ಟಿ ಪ್ರತಿಮೆ, ಬ್ರಿಡ್ಜ್‌ವಾಟರ್ ದೇವಸ್ಥಾನ ತೋರಿಸಿ, ಒಂದು ಭಾನುವಾರ ಅಟ್ಲಾಂಟಿಕ್ ಸಿಟಿಯ ಹಲಗೆ ದಾರಿಯ ಮೇಲೆ ಅಡ್ಡಾಡಿಸಿ ಕರೆತಂದರೆ ಮಕ್ಕಳ ಕರ್ತವ್ಯ ಮುಗಿಯಿತು. ಅದೇ ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹಿಡಿದು ಇನ್ನೂ ದಕ್ಷಿಣಕ್ಕೆ ಹೋದರೆ ಎಕ್ಸಿಟ್ ಸಂಖ್ಯೆಗಳು ಇಳಿಯುತ್ತಾ ಇಳಿಯುತ್ತಾ ಸೊನ್ನೆ ಮುಟ್ಟುತ್ತವೆ. ಅಲ್ಲಿರುವುದು ಕೇಪ್ ಮೇ. ಡೆಲವೇರ್ ಕೊಲ್ಲಿ ಅಟ್ಲಾಂಟಿಕ್ ಸಾಗರವನ್ನು ಸೇರುವ ಮೂಲೆ. ಅಲ್ಲಿಂದಾಚೆ ಹೋಗಬೇಕೆಂದರೆ ಕಾರನ್ನು ಹಡಗಿಗೆ ಹತ್ತಿಸಬೇಕು.

ನಾವು ಮೊದಲ ಸಲ ಹೋದದ್ದು ಮಾರ್ಚ್ ತಿಂಗಳಲ್ಲಿ. ಸೀಸನ್ ಶುರುವಾಗಿರಲಿಲ್ಲ, ರೂಮು ಅಗ್ಗ. ಬೇರೆ ಕಾರಣವೇನೂ ಇರಲಿಲ್ಲ. ಗಾಳಿ ಮುಖಕ್ಕೆ ರಾಚುತ್ತಿತ್ತು, ಅರ್ಧಕ್ಕರ್ಧ ಅಂಗಡಿಗಳು ಬಾಗಿಲು ಹಾಕಿದ್ದವು. ನಾವು ಉಳಿದುಕೊಂಡ ಮನೆ ಮೂರಂತಸ್ತಿನದು, ಇಡೀ ಮರದ್ದು. ಮುಂದೆ ಮನೆಯಗಲಕ್ಕೂ ಜಗಲಿ, ಅದರ ಮೇಲೆ ಸಾಲಾಗಿ ತೂಗುಕುರ್ಚಿ, ಕಂಬಗಳ ತಲೆಗೆಲ್ಲ ಕೊರೆದ ಮರದ ಕುಸುರಿ. ಗೋಡೆಗೆ ಒಂದು ಬಣ್ಣ, ಕಿಟಕಿಗಳಿಗೆ ಇನ್ನೊಂದು, ಕುಸುರಿಗೆ ಮತ್ತೆರಡು. ನನ್ನ ಗಂಡ ಕಾರಿನಿಂದಿಳಿದವನೇ "ಮದುವೆ ಮನೆ ಥರ ಇದೆಯಲ್ಲೇ" ಅಂದ.

ಒಳಗೂ ಅದೇ ಸಡಗರ. ಗೋಡೆಗಷ್ಟೇ ಅಲ್ಲ, ಮಾಳಿಗೆಗೂ ಚಿತ್ತಾರದ ಕಾಗದ ಅಂಟಿಸಿದ್ದರು. ಗ್ಯಾಸ್ ದೀಪದ ಕಾಲದ ತೂಗುದೀಪಕ್ಕೆ ವಿದ್ಯುತ್ ತಂತಿ ಎಳೆದಿದ್ದರು. ಮಲಗಿದರೆ ತಲೆಯ ಮೇಲೆ ಬೀಳುತ್ತದೇನೋ ಎನ್ನಿಸುವಷ್ಟು ಎತ್ತರದ ತಲೆಹಲಗೆಯ ವಾಲ್‌ನಟ್ ಮಂಚ. ನಿಜ ಹೇಳಬೇಕೆಂದರೆ ನನಗೆ ವಿಕ್ಟೋರಿಯನ್ನರ ಆ ಅಭಿರುಚಿ ಇವತ್ತಿಗೂ ಹಿಡಿಸಿಲ್ಲ. ಕಣ್ಣಿಗೆ ದಣಿವಾರಿಸಿಕೊಳ್ಳಲು ಒಂದಿಂಚು ಖಾಲಿ ಜಾಗ ಬಿಡುವುದಿಲ್ಲ ಅವರು. ಆದರೂ ನಾವು ವರ್ಷ ವರ್ಷ ಅಲ್ಲಿಗೇ ಹೋದೆವು. ಅದಕ್ಕೆ ಕಾರಣ ಮನೆಯೊಡತಿ.

ಆಕೆ ಮತ್ತು ಆಕೆಯ ಗಂಡ ಫಿಲಡೆಲ್ಫಿಯಾದ ಕಡೆ ಸ್ಕೂಲ್ ಮೇಷ್ಟರಾಗಿದ್ದವರು. 1980ರ ದಶಕದ ಆರಂಭದಲ್ಲಿ ಕೆಲಸ ಬಿಟ್ಟು, ಕೂಡಿಟ್ಟದ್ದನ್ನೆಲ್ಲ ಸುರಿದು ಈ ಮನೆ ಕೊಂಡು, ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಶುರು ಮಾಡಿದ್ದರು. ಬೆಳಗ್ಗೆ ಎಲ್ಲ ಅತಿಥಿಗಳಿಗೂ ಒಂದೇ ಉದ್ದದ ಮೇಜಿನಲ್ಲಿ ತಿಂಡಿ, ಸಂಜೆ ನಾಲ್ಕಕ್ಕೆ ಚಹಾ. ಚಹಾ ಹೊತ್ತಿಗೆ ಆಕೆ ಊರಿನ ಕಥೆ ಹೇಳುತ್ತಿದ್ದಳು. ಪಾಠ ಮಾಡಿ ಅಭ್ಯಾಸವಾದ ಗಂಟಲು. ಹಿಂದಿನ ಬೆಂಚಿಗೂ ಕೇಳಬೇಕು.

ಊರಿನ ಕಥೆಯಲ್ಲಿ ಮುಖ್ಯ ಪಾತ್ರ ಬೆಂಕಿಯದು. ಫಿಲಡೆಲ್ಫಿಯಾದ ಸಿರಿವಂತರು ಬೇಸಿಗೆಯ ಧಗೆ ತಪ್ಪಿಸಿಕೊಳ್ಳಲು ಹಬೆದೋಣಿಗಳಲ್ಲಿ ಇಲ್ಲಿಗೆ ಬರುತ್ತಿದ್ದರು. 1863ರಲ್ಲಿ ರೈಲು ಬಂತು. ಭಾರಿ ಭಾರಿ ಮರದ ಹೋಟೆಲುಗಳು ಎದ್ದವು. 1878ರ ನವೆಂಬರ್ 9ರಂದು ಓಷನ್ ಹೌಸ್ ಎಂಬ ಹೋಟೆಲಿನಲ್ಲಿ ಹತ್ತಿಕೊಂಡ ಬೆಂಕಿ, ಗಾಳಿಗೆ ಹರಡಿ ಊರಿನ ನಟ್ಟನಡುವೆ ಸುಮಾರು 35 ಎಕರೆಯನ್ನು ಬೂದಿ ಮಾಡಿತು. ಹೆಸರಾಂತ ಕಾಂಗ್ರೆಸ್ ಹಾಲ್ ಕೂಡ ಹೋಯಿತು. ಮರುವರ್ಷವೇ ಅದನ್ನು ಇಟ್ಟಿಗೆಯಲ್ಲಿ ಕಟ್ಟಿದರು. 1891ರಲ್ಲಿ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಬೇಸಿಗೆಯಲ್ಲಿ ಅಲ್ಲಿಂದಲೇ ರಾಜ್ಯಭಾರ ಮಾಡಿದ. ಸುಟ್ಟ ಮಿಕ್ಕ ಜಾಗದಲ್ಲಿ ಎದ್ದವು ಬಹುಪಾಲು ಖಾಸಗಿಯವರ ಬೇಸಿಗೆ ಮನೆಗಳು. ನಾವಿದ್ದ ಮನೆಯೂ ಆ ಬೂದಿಯ ಮೇಲೆ ನಿಂತದ್ದೇ. ಕಟ್ಟಿಸಿದವನು ಫಿಲಡೆಲ್ಫಿಯಾದ ಒಬ್ಬ ವ್ಯಾಪಾರಿ.

ಕಂಬದ ಮೇಲಿನ ಕುಸುರಿ ನೋಡಿದವರು ಯಾರೋ ಶಿಲ್ಪಿ ವರ್ಷಗಟ್ಟಲೆ ಕೂತು ಕೆತ್ತಿದ್ದಾನೆ ಎಂದುಕೊಳ್ಳುತ್ತಾರೆ. ಹಾಗೇನಿಲ್ಲ. ಹಬೆಯಿಂದ ಓಡುವ ಸಣ್ಣ ಗರಗಸ ಬಂದಿತ್ತು, ನಮೂನೆ ಪುಸ್ತಕಗಳು ಬಂದಿದ್ದವು. ಕಾರ್ಖಾನೆಯಲ್ಲಿ ಕೊರೆದದ್ದು ರೈಲಿನಲ್ಲಿ ಬರುತ್ತಿತ್ತು, ಬಡಗಿ ಮೊಳೆ ಹೊಡೆಯುತ್ತಿದ್ದ. ಆ ಕಾಲದ ರೆಡಿಮೇಡ್ ಸಾಮಾನು ಅದು. ಬೇಗ ಕಟ್ಟಬೇಕು, ಚೆಂದ ಕಾಣಬೇಕು, ಬೇಸಿಗೆಯಲ್ಲಿ ಎರಡು ಮೂರು ತಿಂಗಳು ಇದ್ದರೆ ಸಾಕು. ಕೇಪ್ ಮೇಯಲ್ಲಿ ತುಂಬ ಕಟ್ಟಡ ಕಟ್ಟಿದ ವಾಸ್ತುಶಿಲ್ಪಿ ಸ್ಟೀಫನ್ ಡೆಕೇಟರ್ ಬಟನ್ 1872ರಲ್ಲಿ ಮಾಡಿದ ದೊಡ್ಡ ಮನೆಯೊಂದು ಇಲ್ಲಿದೆ. ಅದು ಸಂಸಾರಸ್ಥರಿಗೆ ಕಟ್ಟಿದ್ದಲ್ಲ, ಶ್ರೀಮಂತರ ಜೂಜಿನ ಕ್ಲಬ್ಬು. ಇದೇ ಕಟ್ಟಡವನ್ನು 1970ರ ದಶಕದಲ್ಲಿ ಟಾಮ್ ಮತ್ತು ಸ್ಯೂ ಕ್ಯಾರಲ್ ದಂಪತಿ ಕೊಂಡು 'ಮೇನ್‌ಸ್ಟೇ ಇನ್' ಎಂದು ನಡೆಸಿದರು. ಅಮೆರಿಕದಲ್ಲಿ ಈ ಬಗೆಯ ಹಳೆ ಮನೆಯ ಅತಿಥಿಗೃಹಗಳಿಗೆ ದಾರಿ ಹಾಕಿಕೊಟ್ಟವರಲ್ಲಿ ಅವರೂ ಸೇರಿದ್ದಾರೆ.

ಇಷ್ಟು ಕಥೆ ಎಲ್ಲರೂ ಹೇಳುತ್ತಾರೆ. ಆ ಊರಿನ ಯಾವ ಅತಿಥಿಗೃಹದ ಕರಪತ್ರ ತೆಗೆದರೂ ಹೀಗೇ. ಮೊದಲು ಕಟ್ಟಿದ ಇಸವಿ, ಕಟ್ಟಿಸಿದ ದೊಡ್ಡ ಮನುಷ್ಯ. ಆಮೇಲೆ ಒಂದೇ ನೆಗೆತ, ನೂರು ವರ್ಷ ದಾಟಿ ಈಗಿನ ಯಜಮಾನರು ಕೊಂಡು 'ಮೂಲ ವೈಭವಕ್ಕೆ ಮರಳಿಸಿದ' ಇಸವಿ. ನಮ್ಮ ಮನೆಯೊಡತಿಯ ಕರಪತ್ರವೂ ಆಗ ಹಾಗೇ ಇತ್ತು. ನಡುವಿನ ಕಾಲದ ಬಗ್ಗೆ ನಾನೂ ಕೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಕೇಳಿದವಳು ನನ್ನಮ್ಮ.

ಅಮ್ಮನನ್ನು ಕರೆದುಕೊಂಡು ಹೋದದ್ದು ಒಂದು ಸೆಪ್ಟೆಂಬರಿನಲ್ಲಿ. "ಯಾರದ್ದೋ ಮನೇಲಿ ದುಡ್ಡು ಕೊಟ್ಟು ಮಲಗೋದಾ? ಹೋಟ್ಲಿಲ್ವಾ ಈ ಊರಲ್ಲಿ?" ಎಂದು ದಾರಿಯುದ್ದಕ್ಕೂ ಗೊಣಗಿದಳು. ಮುಂಜಾಗ್ರತೆಗೆ ಒಗ್ಗರಣೆ ಅವಲಕ್ಕಿ ಕಟ್ಟಿಕೊಂಡಿದ್ದಳು. ಮರುದಿನ ಬೆಳಗ್ಗೆ ಮೇಜಿನ ಮೇಲೆ ಮೊಟ್ಟೆ ಹಾಕಿ ಬೇಯಿಸಿದ ದೊಡ್ಡ ತಿಂಡಿಯೊಂದು ಬಂದಾಗ ಆ ಡಬ್ಬಿ ಉಪಯೋಗಕ್ಕೂ ಬಂತು. ಮನೆಯೊಡತಿಗೂ ಅದರಲ್ಲಿ ಪಾಲು ಸಿಕ್ಕಿತು.

ಅಮ್ಮ ಮಾಳಿಗೆಯ ಚಿತ್ತಾರ ನೋಡಲಿಲ್ಲ, ತೂಗುದೀಪ ನೋಡಲಿಲ್ಲ. ನಮ್ಮ ರೂಮಿನ ಬಾಗಿಲ ಮುಂದೆ ನಿಂತು ಅದರ ಹೊರಮೈಯನ್ನು ಬೆರಳಲ್ಲಿ ಸವರಿ ನೋಡಿದಳು. ಎದುರಿನ ಬಾಗಿಲಿಗೂ ಹೋಗಿ ನೋಡಿದಳು. ಆಮೇಲೆ ಒಳಗೆ ಬಂದು, ಮೂಲೆಯಲ್ಲಿ ಹೂದಾನಿ ಇಟ್ಟಿದ್ದ ಸ್ಟೂಲಿನ ಹಿಂದೆ ಗೋಡೆಯಲ್ಲಿ ಕೊಳಾಯಿ ಪೈಪು ಮುಚ್ಚಿದ ಗುರುತು ತೋರಿಸಿದಳು. "ಇಲ್ಲಿ ಕೈ ತೊಳೆಯೋ ಬೇಸಿನ್ ಇತ್ತು ಕಣೆ. ಪ್ರತಿ ಬಾಗಿಲಿಗೂ ಹೊರಗಿಂದ ಬೀಗ ಹಾಕೋ ಚಿಲಕ ಇದ್ದ ತೂತಿದೆ, ಮರ ತುಂಬಿ ಬಣ್ಣ ಹೊಡೆದಿದಾರೆ. ಮನೆ ಜನ ಮನೆಯೊಳಗೇ ಒಬ್ಬರಿಗೊಬ್ಬರು ಬೀಗ ಹಾಕ್ಕೋತಾರಾ? ಇದು ಬಾಡಿಗೆಯೋರು ಇದ್ದ ಮನೆ. ಕೇಳು ಆಕೇನ, ಮಧ್ಯೆ ಯಾರಿದ್ರು ಅಂತ."

ಅಮ್ಮನಿಗೆ ಗೊತ್ತಾಗದೆ ಇರುತ್ತದೆಯೇ. ಮೈಸೂರಿನ ಸರಸ್ವತಿಪುರದ ನಮ್ಮ ಮನೆಯ ಮುಂದಿನ ರೂಮು ಮತ್ತು ಮಹಡಿಯ ಎರಡು ರೂಮುಗಳಲ್ಲಿ ಕಾಲೇಜು ಹುಡುಗರು ಬಾಡಿಗೆಗಿರುತ್ತಿದ್ದರು. ಅಪ್ಪ ಹೋದ ಮೇಲೆ ನಮ್ಮ ಓದು ನಡೆದದ್ದು ಆ ಬಾಡಿಗೆಯಲ್ಲಿ.

ನಾನು ಅಮ್ಮನ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಮನೆಯೊಡತಿಗೆ ಮುಟ್ಟಿಸಿದೆ. ಆಕೆ ಒಂದು ಗಳಿಗೆ ಅಮ್ಮನನ್ನೇ ನೋಡಿದಳು. ಆಮೇಲೆ ಮೂರನೆಯ ಮಹಡಿಯ ಮಾಡಿನ ಕೆಳಗಿನ ಗೂಡಿಗೆ ನಮ್ಮನ್ನು ಕರೆದೊಯ್ದಳು. ರಿಪೇರಿ ಮಾಡುವಾಗ ಸಿಕ್ಕಿದ್ದು, ಬಿಸಾಕಲು ಮನಸ್ಸಾಗದೆ ಇಟ್ಟದ್ದು ಎಲ್ಲ ಅಲ್ಲಿತ್ತು. ಹೂವಿನ ಚಿತ್ರದ ಲಿನೋಲಿಯಂ ತುಂಡುಗಳು, ಹಿತ್ತಾಳೆಯ ಅಂಕಿಗಳು, ತುಕ್ಕು ಹಿಡಿದ ಚಿಲಕಗಳು, ಮೂಲೆ ಬೇಸಿನ್ ಒಂದು. ಒಂದು ರಟ್ಟಿನ ಮೇಲೆ ಕೈಬರಹದಲ್ಲಿ: ರೂಮಿನಲ್ಲಿ ಅಡುಗೆ ಮಾಡಕೂಡದು, ಬಾಡಿಗೆ ಶನಿವಾರ ಕೊಡತಕ್ಕದ್ದು. ಅದನ್ನು ಓದಿ ಹೇಳಿದೆ. ಅಮ್ಮ "ನಾನೂ ಬರೆದು ಹಾಕಿದ್ದೆ" ಎಂದಳು. "ಯಾರು ಕೇಳ್ತಿದ್ರು? ರಾತ್ರಿ ಹತ್ತು ಗಂಟೆಗೆ ಸ್ಟವ್ ಮೇಲೆ ಅನ್ನ ಬೇಯೋ ವಾಸನೆ ಬರೋದು."

ಅವತ್ತಿನಿಂದ ಮನೆಯೊಡತಿಗೆ ಮಧ್ಯದ ನೂರು ವರ್ಷದ ಗೀಳು ಹತ್ತಿತು. ನನಗೂ ಅಂಟಿತು.

ರೈಲಿನಿಂದಾಗಿ ಅಟ್ಲಾಂಟಿಕ್ ಸಿಟಿ ಬೆಳೆಯಿತು, ಫ್ಯಾಷನ್ನು ಅತ್ತ ಹೋಯಿತು. ಕೇಪ್ ಮೇ ಬಡವಾಯಿತು. ಬಡವಾದದ್ದರಿಂದಲೇ ಉಳಿಯಿತು, ಕೆಡವಿ ಹೊಸದು ಕಟ್ಟಲು ಯಾರ ಹತ್ತಿರವೂ ದುಡ್ಡಿರಲಿಲ್ಲ. ಬಣ್ಣ ಬಣ್ಣದ ಮನೆಗಳಿಗೆ ಬಿಳಿ ಬಳಿದರು, ಏಕೆಂದರೆ ಬಿಳಿ ಒಂದೇ ಡಬ್ಬಿ ಸಾಕು. ದೊಡ್ಡ ಕುಟುಂಬಗಳು ಬರುವುದು ಬಿಟ್ಟ ಮೇಲೆ ಮನೆಗಳು ಅಗ್ಗಕ್ಕೆ ಕೈ ಬದಲಾಯಿಸಿ ರೂಮು ರೂಮಾಗಿ ಒಡೆದವು.

ಅಮೆರಿಕದಲ್ಲಿ ಜನಗಣತಿಯ ಕೈಬರಹದ ಹಾಳೆಗಳನ್ನು 72 ವರ್ಷ ಗುಟ್ಟಾಗಿಟ್ಟು ಆಮೇಲೆ ಎಲ್ಲರಿಗೂ ತೆರೆಯುತ್ತಾರೆ. 1940ರದ್ದು 2012ರಲ್ಲಿ ಬಿಡುಗಡೆಯಾಯಿತು. ಮನೆಯೊಡತಿ ಫೋನ್ ಮಾಡಿ, "ಸಿಕ್ಕಿದಳು!" ಎಂದು ಕೂಗಿದಳು. ನಮ್ಮ ಬೀದಿ, ನಮ್ಮ ಮನೆ ಸಂಖ್ಯೆ. ಮನೆಯ ಯಜಮಾನಿ ಒಬ್ಬ ವಿಧವೆ. ಅವಳ ಹೆಸರಿನ ಕೆಳಗೆ ಸಾಲಾಗಿ ಬಾಡಿಗೆಯವರು: ರೈಲ್ವೆಯವನೊಬ್ಬ, ಮೀನು ದೋಣಿಯವನೊಬ್ಬ, ಶಾಲೆಯ ಟೀಚರೊಬ್ಬಳು. ಗಣತಿ ನಡೆದದ್ದು ಏಪ್ರಿಲ್‌ನಲ್ಲಿ, ಎಂದರೆ ಇವರು ಬೇಸಿಗೆಯ ವಿಹಾರದವರಲ್ಲ, ಚಳಿಗಾಲ ಕಳೆದವರು. ಒಲೆಯ ವ್ಯವಸ್ಥೆಯೇ ಸರಿಯಿಲ್ಲದ, ಬೇಸಿಗೆಗೆಂದು ಕಟ್ಟಿದ ಮರದ ಮನೆಯಲ್ಲಿ! ವಿಧವೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಮೊಮ್ಮಕ್ಕಳು ಇದ್ದಾರೆ.

ಯುದ್ಧ ಬಂತು. ಜರ್ಮನ್ ಸಬ್‌ಮರೀನುಗಳು ಈ ತೀರದಲ್ಲೇ ಓಡಾಡುತ್ತಿದ್ದವು. 1942ರ ಫೆಬ್ರವರಿ ಕೊನೆಯಲ್ಲಿ 'ಜೇಕಬ್ ಜೋನ್ಸ್' ಎಂಬ ಅಮೆರಿಕದ ಯುದ್ಧನೌಕೆಯನ್ನು ಕೇಪ್ ಮೇ ಸಮೀಪವೇ ಮುಳುಗಿಸಿದರು. ನೌಕಾಪಡೆಯವರ ಹೆಂಡತಿಯರು ಗಂಡಂದಿರ ಹಿಂದೆ ಬಂದು ಇಂಥ ರೂಮುಗಳಲ್ಲಿ ಇದ್ದರು. 1948ರಲ್ಲಿ ಕರಾವಳಿ ರಕ್ಷಣಾ ಪಡೆಯ ತರಬೇತಿ ಕೇಂದ್ರ ಬಂತು. ಮಗನ ಪೆರೇಡ್ ನೋಡಲು ಬರುವ ಅಪ್ಪ ಅಮ್ಮಂದಿರಿಗೂ ಅಗ್ಗದ ರೂಮು ಬೇಕಿತ್ತು.

1962ರ ಮಾರ್ಚಿನಲ್ಲಿ ದಿನಗಟ್ಟಲೆ ಬಡಿದ ಬಿರುಗಾಳಿ ಕಡಲ ದಂಡೆಯನ್ನು ಪುಡಿಗಟ್ಟಿತು. ಊರನ್ನು ಹೊಸದಾಗಿ ಕಟ್ಟಲು ಕೇಂದ್ರ ಸರ್ಕಾರದ ದುಡ್ಡು ಬಂತು, ದುಡ್ಡಿನ ಜೊತೆ ಬುಲ್‌ಡೋಜರೂ ಬಂತು. ಹಳೆ ಮನೆಗಳನ್ನು ಉರುಳಿಸಿ ಮೋಟೆಲು ಕಟ್ಟುವುದೇ ಪ್ರಗತಿ ಎನ್ನುತ್ತಿದ್ದ ಕಾಲ. ಆಗ ಕ್ಯಾರೊಲಿನ್ ಪಿಟ್ಸ್ ಎಂಬ ವಾಸ್ತು ಇತಿಹಾಸಕಾರ್ತಿ ಬೀದಿ ಬೀದಿ ಅಲೆದು ಮನೆಗಳ ಪಟ್ಟಿ ಮಾಡಿದಳು. 1879ರಲ್ಲಿ ಕಟ್ಟಿದ, ತಲೆಕೆಳಗಾಗಿ ನಿಲ್ಲಿಸಿದಂತೆ ಕಾಣುವ ಚಿಮಣಿಗಳ ಎಮ್ಲೆನ್ ಫಿಸಿಕ್ ಎಂಬಾತನ ಮನೆ ಪಾಳುಬಿದ್ದು, ಕೆಡವುವ ಹಂತಕ್ಕೆ ಬಂದಿತ್ತು. ಅದನ್ನುಳಿಸಲು 1970ರಲ್ಲಿ ಊರವರು ಸಂಸ್ಥೆ ಕಟ್ಟಿದರು. ಈಗ ಅದು ಮ್ಯೂಸಿಯಂ. 1972ರಲ್ಲಿ ಬ್ರೂಸ್ ಮಿನಿಕ್ಸ್ ಎಂಬ ಟಿವಿ ಧಾರಾವಾಹಿ ನಿರ್ದೇಶಕ ಮೇಯರ್ ಆಗಿ ಆಯ್ಕೆಯಾದ. (ಧಾರಾವಾಹಿಯವರಿಂದ ಊರಿಗೆ ಉಪಕಾರವಾದದ್ದಕ್ಕೆ ನನಗೆ ಗೊತ್ತಿರುವ ಒಂದೇ ಉದಾಹರಣೆ.) 1976ರಲ್ಲಿ ಇಡೀ ಊರೇ ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು.

ಬಿರುದಿನಿಂದ ಮಾಡು ಸೋರುವುದು ನಿಲ್ಲುವುದಿಲ್ಲ. ಮನೆಗಳನ್ನು ನಿಜವಾಗಿ ಎತ್ತಿ ನಿಲ್ಲಿಸಿದ್ದು ತೆರಿಗೆಯ ಒಂದು ಕಲಮು. 1981ರ ಕಾನೂನಿನಲ್ಲಿ, ಐತಿಹಾಸಿಕ ಕಟ್ಟಡವನ್ನು ನಿಯಮದ ಪ್ರಕಾರ ಜೀರ್ಣೋದ್ಧಾರ ಮಾಡಿದರೆ ಖರ್ಚಿನ ಶೇ. 25ರಷ್ಟನ್ನು ತೆರಿಗೆಯಿಂದ ಕಳೆದುಕೊಳ್ಳಬಹುದಿತ್ತು. 1986ರಲ್ಲಿ ಅದು ಶೇ. 20ಕ್ಕೆ ಇಳಿಯಿತು. ಷರತ್ತು ಏನೆಂದರೆ ಕಟ್ಟಡ ಸಂಪಾದನೆ ಮಾಡುತ್ತಿರಬೇಕು. ನೀವು ನಿಮ್ಮ ಹೆಂಡತಿ ಮಕ್ಕಳೊಂದಿಗೆ ಸುಮ್ಮನೆ ವಾಸವಾಗಿದ್ದರೆ ಒಂದು ಪೈಸೆಯೂ ಇಲ್ಲ. ಅಪರಿಚಿತರನ್ನು ಮಲಗಿಸಿ ದುಡ್ಡು ಇಸಿದುಕೊಂಡರೆ ಉಂಟು. ಮೇಷ್ಟರ ಸಂಬಳದ ದಂಪತಿಗಳು ಇಷ್ಟು ದೊಡ್ಡ ಮನೆಗೆ ಕೈಹಾಕಿದ್ದು ಆ ಲೆಕ್ಕದ ಧೈರ್ಯದಿಂದ. ಆ ಕಾಲದ ಮಂಚ, ಬೀರುಗಳು ಯಾರಿಗೂ ಬೇಡವಾಗಿ ಹರಾಜಿನಲ್ಲಿ ಅಗ್ಗಕ್ಕೆ ಸಿಗುತ್ತಿದ್ದವು.

ಎಲ್ಲವೂ ಉಳಿಯಲಿಲ್ಲ ಎನ್ನುವುದನ್ನೂ ಹೇಳಬೇಕು. ಲಫಾಯೆಟ್ ಸ್ಟ್ರೀಟಿನ ಸುತ್ತ ಕರಿಯರ ದೊಡ್ಡ ಬಡಾವಣೆಯಿತ್ತು. ಈ ಮನೆಗಳಲ್ಲಿ, ಹೋಟೆಲುಗಳಲ್ಲಿ ಅಡುಗೆ ಮಾಡಿದವರು, ಬಡಿಸಿದವರು, ಬಟ್ಟೆ ಒಗೆದವರು ಅವರೇ. ಗುಲಾಮರನ್ನು ಬಿಡಿಸಲು ಹಣ ಬೇಕೆಂದು ಹ್ಯಾರಿಯೆಟ್ ಟಬ್‌ಮನ್ 1852ರ ಬೇಸಿಗೆಯಲ್ಲಿ ಇಲ್ಲಿ ಕೂಲಿ ಮಾಡಿದ್ದಳು. ಗುಲಾಮನಾಗಿ ಹುಟ್ಟಿ ಮರದ ವ್ಯಾಪಾರದಲ್ಲಿ ಶ್ರೀಮಂತನಾದ ಸ್ಟೀಫನ್ ಸ್ಮಿತ್ 1846ರಲ್ಲೇ ಅಲ್ಲಿ ಬೇಸಿಗೆ ಮನೆ ಕಟ್ಟಿದ್ದ. ಕುಸುರಿಯ ಮನೆಗಳಿಗೆ ಪಟ್ಟಿ, ಬಿರುದು ಸಿಗುತ್ತಿದ್ದ ವರ್ಷಗಳಲ್ಲೇ ಪುನರ್ನಿರ್ಮಾಣದ ಹೆಸರಿನಲ್ಲಿ ಆ ಬಡಾವಣೆಯ ಎಷ್ಟೋ ಮನೆ ಅಂಗಡಿಗಳು ನೆಲಸಮವಾದವು. ಟಬ್‌ಮನ್ ಹೆಸರಿನ ಮ್ಯೂಸಿಯಂ 2021ರಲ್ಲಿ ಬಾಗಿಲು ತೆರೆದಾಗ ಮನೆಯೊಡತಿ ನನ್ನನ್ನು ಕರೆದೊಯ್ದಳು. ಹಿಂದಿರುಗುವಾಗ, "ಮೂರನೆ ಮಹಡಿಯ ರೂಮುಗಳನ್ನು ನಾನು 'ರೊಮ್ಯಾಂಟಿಕ್' ಎಂದು ಹೆಚ್ಚಿನ ದರಕ್ಕೆ ಕೊಡುತ್ತಿದ್ದೆ. ಅವು ಆಳುಗಳ ರೂಮುಗಳು" ಎಂದಳು. ಮುಂದೆ ಆ ಮಾತು ಎತ್ತಲಿಲ್ಲ.

ನಾನು ಹೇಳಹೊರಟದ್ದು ಬಾಗಿಲಿನ ವಿಷಯ. ಅಮ್ಮ ಬಂದು ಹೋದ ಮೇಲಿನ ವಸಂತದಲ್ಲಿ ಎರಡನೆ ಮಹಡಿಯ ಬಾಗಿಲುಗಳ ಬಣ್ಣ ಕೆರೆಯಲು ನಾನೂ ಕೂತೆ. ಹಳೆ ಬಣ್ಣದಲ್ಲಿ ಸೀಸ ಇರುತ್ತದೆ. ಅಮೆರಿಕದಲ್ಲಿ ಮನೆಗಳಿಗೆ ಅದನ್ನು ನಿಷೇಧಿಸಿದ್ದು 1978ರಲ್ಲಿ. ಆದ್ದರಿಂದ ಮುಖಕ್ಕೆ ಮಾಸ್ಕ್, ಕೆಳಗೆ ಪ್ಲಾಸ್ಟಿಕ್ ಹಾಸು, ನೀರು ಚಿಮುಕಿಸಿ ತೇವ ಮಾಡಿಯೇ ಕೆರೆಯಬೇಕು. ಮೊದಲು ಮನೆಯೊಡತಿಯೇ ಬಳಿಸಿದ್ದ ಕೆನೆ ಬಣ್ಣ ಎದ್ದಿತು. ಅದರಡಿ ಬಿಳಿ, ಮತ್ತೆ ಬಿಳಿ, ಒಂದು ಮಂಕು ಹಸಿರು, ಮತ್ತೆ ಬಿಳಿ. ಕಣ್ಣೆತ್ತರಕ್ಕೆ ಬಂದಾಗ ಬ್ಲೇಡು ಏನಕ್ಕೋ ತಡೆದಂತಾಯಿತು. ನೋಡಿದರೆ ಎರಡು ಮೊಳೆತೂತು, ಅವುಗಳ ನಡುವೆ ಸುತ್ತಲಿನದಕ್ಕಿಂತ ಒಂದು ಕೂದಲೆಳೆ ತಗ್ಗಾದ 7. ಹಿತ್ತಾಳೆಯ ಅಂಕಿಯನ್ನು ಬಿಚ್ಚದೆ ಅದರ ಸುತ್ತ ಸುತ್ತ ಬಣ್ಣ ಹೊಡೆದುಕೊಂಡು ಹೋಗಿದ್ದರು ವರ್ಷಗಟ್ಟಲೆ. ಅಂಕಿ ಇದ್ದ ಜಾಗದಲ್ಲಿ ಮಾತ್ರ ಎಲ್ಲಕ್ಕಿಂತ ಹಳೆಯ ಕಂದು ಬಣ್ಣ ಹಾಗೇ ಇತ್ತು. ವ್ಯಾಪಾರಿಯ ಕಾಲದ ಆ ಬಣ್ಣವನ್ನು ಕಾಪಾಡಿದ್ದು ಬಾಡಿಗೆಯವರ ರೂಮು ನಂಬರು.

ಮನೆಯೊಡತಿ ಅದೇ ಕಂದು ಬಣ್ಣವನ್ನು ಅಂಗಡಿಯಲ್ಲಿ ತಾಳೆ ಹಾಕಿಸಿ ಬಾಗಿಲುಗಳಿಗೆಲ್ಲ ಹೊಡೆಸಿದಳು. ಆಮೇಲೆ ಗೂಡಿನಿಂದ ಹಿತ್ತಾಳೆ ಅಂಕಿಗಳನ್ನು ತೆಗೆದು ಉಜ್ಜಿ, ಅವುಗಳ ಜಾಗಕ್ಕೇ ಬಡಿಸಿದಳು. ಕೆಲವು ಅತಿಥಿಗಳಿಗೆ ಇಷ್ಟವಾಗಲಿಲ್ಲ, 'ಹೋಟೆಲಿನಂತಿದೆ' ಎಂದರು.

ಈ ವ್ಯವಹಾರ ಎಷ್ಟು ದಿನ ನಡೆದೀತು? ಹನ್ನೊಂದಕ್ಕೆ ಹಿಂದಿನವರು ಹೋದರೆ ಮೂರಕ್ಕೆ ಮುಂದಿನವರು ಬರುತ್ತಾರೆ. ಅಷ್ಟರಲ್ಲಿ ಹಾಸಿಗೆ ಬಿಡಿಸಿ ಹಾಸಿ, ಬಚ್ಚಲು ತೊಳೆದು, ಸಂಜೆಯ ಸ್ಕೋನ್ ಬೇಯಿಸಬೇಕು. ಮೊದಲೆಲ್ಲ ಒಂದು ಬಚ್ಚಲನ್ನು ಎರಡು ರೂಮಿನವರು ಹಂಚಿಕೊಳ್ಳುತ್ತಿದ್ದರಂತೆ. ಆಮೇಲೆ ಎಲ್ಲರಿಗೂ ಸ್ವಂತದ್ದು ಬೇಕು, ಬಟ್ಟೆ ಬೀರುಗಳೆಲ್ಲ ಬಚ್ಚಲುಗಳಾದವು. ಇಂಟರ್‌ನೆಟ್ಟಿನಲ್ಲಿ ವಾರದ ಬಾಡಿಗೆಗೆ ಇಡೀ ಮನೆಗಳೇ ಸಿಗತೊಡಗಿದ ಮೇಲೆ, ಗುರುತಿಲ್ಲದವರ ಜೊತೆ ಒಂದೇ ಮೇಜಿನಲ್ಲಿ ಕೂತು ತಿನ್ನುವ ಹಂಬಲ ಜನಕ್ಕೆ ಉಳಿಯಲಿಲ್ಲ. ಗಂಡ ತೀರಿಕೊಂಡ ಎರಡು ಸೀಸನ್‌ಗಳ ನಂತರ ಆಕೆ ಮನೆ ಮಾರಿದಳು. ಕೊಂಡವರು ಫಿಲಡೆಲ್ಫಿಯಾ ಕಡೆಯ ಕುಟುಂಬ. ಬೇಸಿಗೆಯಲ್ಲಿ ಕೆಲವು ವಾರ ತಾವಿರುತ್ತಾರೆ, ಮಿಕ್ಕ ವಾರಗಳಲ್ಲಿ ಬಾಡಿಗೆಗೆ ಕೊಡುತ್ತಾರೆ.

ಆಕೆ ಈಗ ಊರಾಚೆಯ ಒಂದು ಸಣ್ಣ ಅಪಾರ್ಟ್‌ಮೆಂಟಿನಲ್ಲಿದ್ದಾಳೆ. ಕೈಲಿ ಬೇಕಾದಷ್ಟು ಹೊತ್ತು. 2022ರಲ್ಲಿ 1950ರ ಜನಗಣತಿ ಬಿಡುಗಡೆಯಾದ ದಿನವೇ ಹಾಳೆಗಳನ್ನು ಜಾಲಾಡಿ, ಅದೇ ವಿಧವೆ ಅದೇ ಮನೆಯಲ್ಲಿ ಇನ್ನೂ ಇದ್ದುದನ್ನು ಪತ್ತೆ ಮಾಡಿದಳು. ಆ ಬಾರಿ ಬಾಡಿಗೆಯವರು ಇನ್ನೂ ಹೆಚ್ಚು. ನನಗೆ ಕಳಿಸಿದಳು, ನಾನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಕೇಳಿದ್ದು ಒಂದೇ: "ಬಾಡಿಗೆ ಸರಿಯಾಗಿ ಕೊಡ್ತಿದ್ರಂತಾ?"

ಹೋದ ವರ್ಷ ಹೊಸ ಯಜಮಾನರು ಮುಂಬಾಗಿಲ ಪಕ್ಕ ಫಲಕ ಹಾಕಿಸಲು ಹೊರಟು, ವಿವರ ಕೇಳಿ ಈಕೆಗೆ ಪತ್ರ ಬರೆದರು. ಈಕೆ ಕಳಿಸಿದ್ದು ಕಟ್ಟಿದ ಇಸವಿ, ವ್ಯಾಪಾರಿಯ ಹೆಸರು, ವಿಧವೆಯ ಹೆಸರು, ಅವಳು ಬಾಡಿಗೆಯವರನ್ನಿಟ್ಟುಕೊಂಡು ಮನೆ ನಡೆಸಿದ ವರ್ಷಗಳು. ತನ್ನ ಹೆಸರು ಸೇರಿಸಲಿಲ್ಲ. ಫಲಕ ಚಿಕ್ಕದು, ಎರಡೇ ಸಾಲು ಹಿಡಿಯುತ್ತದೆ, ಇಸವಿ ಮತ್ತು ಒಂದು ಹೆಸರಿಗಷ್ಟೇ ಜಾಗ ಎಂದು ಅವರಿಂದ ಉತ್ತರ ಬಂತು.

"ಹಾಗಿದ್ದರೆ ವ್ಯಾಪಾರಿಯ ಹೆಸರು ತೆಗೆಯಿರಿ" ಎಂದು ಈಕೆ ಬರೆದಿದ್ದಾಳೆ.